ಮುಖಕ್ಕೊಂದು ಬಣ್ಣ, ಕುತ್ತಿಗೆಗೊಂದು

ಕಳೆದ ವರ್ಷ ಭಾವನ ಮಗಳ ಮದುವೆಯ ಆಲ್ಬಂ ಮನೆಗೆ ಬಂದಾಗ ಅಮ್ಮ ಊರಿನಿಂದ ಬಂದು ನಮ್ಮಲ್ಲೇ ಇದ್ದಳು. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಹಾಳೆ ಮಗುಚುತ್ತಿದ್ದವಳು ಒಂದು ಕಡೆ ಬೆರಳಿಟ್ಟು, "ಇವಳು ಯಾರ ಕಡೆಯವಳು?" ಎಂದು ಕೇಳಿದಳು. ಅದು ನಾನು. ಸೀರೆ ನನ್ನದು, ಹವಳದ ಸರ ನನ್ನದು, ಕುತ್ತಿಗೆಯೂ ನನ್ನದೇ. ಗದ್ದದಿಂದ ಮೇಲಕ್ಕೆ ಮಾತ್ರ ಬೇರೆ ಯಾರದ್ದೋ ಮುಖ ತಂದು ಕೂರಿಸಿದಂತಿತ್ತು. ಒಲೆಯ ಬೂದಿಯನ್ನು ಹಾಲಿನಲ್ಲಿ ಕಲಸಿದರೆ ಯಾವ ಬಣ್ಣ ಬರುತ್ತದೋ ಆ ಬಣ್ಣ.

ಅದು ಫೌಂಡೇಶನ್, ಅಂದರೆ ಮೈಬಣ್ಣಕ್ಕೆ ಹೊಂದಿಸಿ ಮುಖಕ್ಕೆ ಹಚ್ಚುವ ಬಣ್ಣ. ಬಳಿದದ್ದು ಮದುವೆಮನೆಗೇ ಬಂದಿದ್ದ ಪಾರ್ಲರಿನ ಹುಡುಗಿ. "ನಿಮ್ಮ ಬಣ್ಣಕ್ಕಿಂತ ಎರಡು ಶೇಡ್ ತಿಳಿಯದು ಹಾಕುತ್ತೇನೆ ಮೇಡಂ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ" ಎಂದಿದ್ದಳು. ಅವಳನ್ನು ಬೈದು ಪ್ರಯೋಜನವಿಲ್ಲ. ಆಗಲಿ ಎಂದು ತಲೆಯಾಡಿಸಿದವಳು ನಾನೇ. ಬೆಳ್ಳಗೆ ಕಾಣಿಸುತ್ತೀರಿ ಎಂದು ಯಾರಾದರೂ ಮಾತು ಕೊಟ್ಟರೆ ಬೇಡ ಎನ್ನುವಷ್ಟು ಗಟ್ಟಿತನ ನಲವತ್ತು ದಾಟಿದರೂ ನನಗೆ ಬಂದಿರಲಿಲ್ಲ. ಕೋಣೆಯ ಹಳದಿ ಬಲ್ಬಿನಡಿ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಮಂಟಪದ ಮುಂದೆ ಕ್ಯಾಮೆರಾದ ಫ್ಲಾಶ್ ಬಿದ್ದಾಗ ಗುಟ್ಟು ಹೊರಬಿತ್ತು, ಅದೂ ಇಪ್ಪತ್ತೆರಡು ಫೋಟೋಗಳಲ್ಲಿ.

ವಿಚಿತ್ರವೆಂದರೆ ನನಗೆ ಫೌಂಡೇಶನ್ ಬೇಕಾಗಿದ್ದು ಬಿಳುಪಿಗೆ ಅಲ್ಲವೇ ಅಲ್ಲ, ಬಂಗಿಗೆ. ಎರಡನೆಯ ಬಾಣಂತನದ ನಂತರ ಎರಡೂ ಕೆನ್ನೆಗಳ ಮೇಲೆ ಕಂದು ಛಾಯೆ ಕೂತು ಹಾಗೇ ಉಳಿದುಬಿಟ್ಟಿದೆ. ಚರ್ಮದ ವೈದ್ಯರು ಮುಲಾಮು ಕೊಟ್ಟರು, ಸ್ವಲ್ಪ ತಿಳಿಯಾಯಿತು, ಬೇಸಿಗೆ ಬಂತು, ಮತ್ತೆ ಗಾಢವಾಯಿತು. ಬಿಸಿಲಿನ ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ, ಆದ್ದರಿಂದ ಐರನ್ ಆಕ್ಸೈಡ್ ಬೆರೆಸಿದ ಬಣ್ಣದ ಸನ್‌ಸ್ಕ್ರೀನ್ ಹಚ್ಚಿ ಎಂದು ಅವರು ಹೇಳಿದಾಗ ನಾನು ಕಿವಿ ನಿಮಿರಿಸಿದೆ. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು ನಾನು. ಐರನ್ ಆಕ್ಸೈಡ್ ಎಂದರೆ ನನ್ನ ಮಟ್ಟಿಗೆ ತುಕ್ಕು, ಕಾವಿನೆಲದ ಕೆಂಪು, ಬೋರ್ಡಿನ ಮೇಲಿನ ಸಮೀಕರಣ. ಕೆನ್ನೆಯ ಔಷಧಿ ಎಂದು ಅದನ್ನು ಎಂದೂ ಎಣಿಸಿರಲಿಲ್ಲ.

ಫೆಬ್ರವರಿಯಲ್ಲಿ ತಮ್ಮನ ಮದುವೆ ನಿಶ್ಚಯವಾಯಿತು. ಮೇ ತಿಂಗಳ ಎರಡನೆಯ ವಾರ, ಕುಂದಾಪುರದಲ್ಲಿ. ಈ ಸಲ ನನ್ನ ಮುಖಕ್ಕೆ ನಾನೇ ಹಚ್ಚಿಕೊಳ್ಳುತ್ತೇನೆ, ನೋಡಿದವರಿಗೆ ನಾನು ನಾನೇ ಎಂದು ಗೊತ್ತಾಗಬೇಕು ಎಂದು ಶಪಥ ಮಾಡಿದೆ. ಕೈಯಲ್ಲಿ ಸುಮಾರು ಮೂರು ತಿಂಗಳಿತ್ತು. ಅಷ್ಟು ಹೊತ್ತು ಯಾಕೆ ಎಂದು ಇವರು ನಕ್ಕರು. ಕಡೆಗೆ ಅದೂ ಸಾಲಲಿಲ್ಲ.

ಮೊದಲ ಸೋಲು ಅಂಗಡಿಯಲ್ಲಿ. ಮೈಸೂರಿನ ದೇವರಾಜ ಅರಸು ರಸ್ತೆಯ ಒಂದು ಅಂಗಡಿಗೆ ಸಂಜೆ ಏಳು ಗಂಟೆಗೆ ಹೋದೆ. ಕಾಲೇಜು ಮುಗಿಸಿ ಹೋಗುವವಳಿಗೆ ಬೇರೆ ಹೊತ್ತು ಎಲ್ಲಿದೆ? ಮೇಜಿನಾಚೆಯ ಹುಡುಗಿ ನನ್ನ ಕೈಯ ಹಿಂಭಾಗಕ್ಕೆ ಮೂರು ಗೆರೆ ಎಳೆದಳು, ಮೂರನ್ನೂ ನೋಡಿ ನಡುವಿನದಕ್ಕಿಂತ ಒಂದು ತಿಳಿಯ ಸೀಸೆ ಎತ್ತಿಕೊಟ್ಟಳು. "ಇದು ಹಾಕಿಕೊಂಡರೆ ಫ್ರೆಶ್ ಆಗಿ ಕಾಣುತ್ತೀರಿ." ಫೇರ್ ಅಂಡ್ ಲವ್ಲಿ ಎಂಬ ಹೆಸರು 2020ರಲ್ಲಿ ಗ್ಲೋ ಅಂಡ್ ಲವ್ಲಿ ಆದಂತೆ ಅಂಗಡಿಗಳಲ್ಲೂ ಮಾತು ಬದಲಾಗಿದೆ. ಬೆಳ್ಳಗೆ ಎಂದು ಯಾರೂ ಹೇಳುವುದಿಲ್ಲ, ಫ್ರೆಶ್ ಎನ್ನುತ್ತಾರೆ, ಬ್ರೈಟ್ ಎನ್ನುತ್ತಾರೆ. ಎತ್ತಿಕೊಡುವ ಸೀಸೆ ಮಾತ್ರ ಅದೇ. ಎಂಟುನೂರೈವತ್ತು ರೂಪಾಯಿ ಕೊಟ್ಟು ಮನೆಗೆ ತಂದು ಬೆಳಿಗ್ಗೆ ಕಿಟಕಿಯ ಬಳಿ ಹಚ್ಚಿ ನೋಡಿದರೆ ಆಲ್ಬಮ್ಮಿನ ಹೆಂಗಸು ಕನ್ನಡಿಯಲ್ಲಿ ನಿಂತಿದ್ದಳು.

ಕೈಯ ಹಿಂಭಾಗಕ್ಕೂ ಮುಖಕ್ಕೂ ಬಣ್ಣದಲ್ಲಿ ಸಂಬಂಧವೇ ಇಲ್ಲ ಎಂಬುದನ್ನು ಅವತ್ತು ಗಮನಿಸಿದೆ. ಸ್ಕೂಟರ್ ಓಡಿಸುವ ನನ್ನ ಕೈ ಮುಖಕ್ಕಿಂತ ಕಪ್ಪು. ಮುಖದಲ್ಲೇ ಹಣೆ ಒಂದು ಬಣ್ಣ, ಬಾಯಿಯ ಸುತ್ತ ಇನ್ನೊಂದು, ಕೆನ್ನೆಯ ಮಾತು ಬಿಡಿ. ಇದರಲ್ಲಿ ಯಾವುದಕ್ಕೆ ಹೊಂದಿಸುವುದು? ಎರಡನೆಯ ಸಲ ಶನಿವಾರ ಮಧ್ಯಾಹ್ನ ಹೋದೆ. ಮುಖ ತೊಳೆದುಕೊಂಡು ಏನೂ ಹಚ್ಚದೆ ಹೋದೆ. ದವಡೆಯ ಅಂಚಿನಲ್ಲಿ, ಮುಖ ಮುಗಿದು ಕುತ್ತಿಗೆ ಶುರುವಾಗುವ ಜಾಗದಲ್ಲಿ, ಮೇಲಿನಿಂದ ಕೆಳಕ್ಕೆ ಮೂರು ಗೆರೆ ಎಳೆಸಿಕೊಂಡು ಅಂಗಡಿಯಿಂದ ಹೊರಗೆ ಬಂದು ಬೀದಿಯ ಬೆಳಕಿನಲ್ಲಿ ಮೊಬೈಲ್ ಹಿಡಿದು ನೋಡಿದೆ. ಒಂದು ಗೆರೆ ಸುಣ್ಣದಂತೆ ಎದ್ದು ನಿಂತಿತ್ತು. ಇನ್ನೊಂದು ಇಟ್ಟಿಗೆ ಪುಡಿಯ ಹಾಗೆ. ನಡುವಿನದು ಎಲ್ಲಿದೆ ಎಂದು ಹುಡುಕಬೇಕಾಯಿತು. ಅದೇ ಬೇಕಾದದ್ದು.

ಆದರೆ ಈ ಸಲ ಗೆರೆ ಎಳೆದ ಹುಡುಗಿ ಬುದ್ಧಿವಂತೆ, ಮೊದಲಿನವಳಂತಲ್ಲ. "ಈಗಲೇ ಕೊಳ್ಳಬೇಡಿ, ಒಂದು ಸುತ್ತು ಹಾಕಿ ಬನ್ನಿ" ಎಂದಳು. ದೇವರಾಜ ಮಾರುಕಟ್ಟೆಗೆ ಹೋಗಿ ವೀಳ್ಯದೆಲೆ, ಬಾಳೆಹಣ್ಣು ಕೊಂಡು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿಕೊಂಡರೆ ಕಾಣಿಸದೆ ಹೋಗಿದ್ದ ಗೆರೆ ಈಗ ಕಿತ್ತಳೆಗೆ ತಿರುಗಿ ಕಾಣುತ್ತಿತ್ತು. "ಆಕ್ಸಿಡೈಸ್ ಆಗಿದೆ ಮೇಡಂ." ಗಾಳಿಯ ಆಮ್ಲಜನಕ ತಾಗಿ ಬಣ್ಣ ಬದಲಾಗಿದೆ ಎಂದರ್ಥ. ಎಲ್ಲರೂ ಹಾಗೆಯೇ ಹೇಳುತ್ತಾರೆ. ನನ್ನೊಳಗಿನ ಮೇಷ್ಟರಿಗೆ ಇದು ಒಪ್ಪಿಗೆಯಾಗಲಿಲ್ಲ. ಕೆಂಪು ಐರನ್ ಆಕ್ಸೈಡ್ ಆಗಲೇ ಪೂರ್ತಿ ಆಕ್ಸಿಡೀಕರಣಗೊಂಡು ಕೂತಿರುವ ವಸ್ತು, ಅದು ಇನ್ನೆಲ್ಲಿಗೆ ಹೋಗಬೇಕು? ನನಗೆ ತೋರುವುದು ಹೀಗೆ: ಸೀಸೆಯಲ್ಲಿದ್ದ ನೀರು, ಆವಿಯಾಗುವ ದ್ರವ ಆರಿಹೋಗುತ್ತದೆ, ಚರ್ಮದ ಎಣ್ಣೆ ಮೇಲೆ ಬಂದು ಬಣ್ಣದ ಕಣಗಳನ್ನು ನೆನೆಸುತ್ತದೆ. ಒಣಮಣ್ಣಿಗೆ ನೀರು ಚಿಮುಕಿಸಿದರೆ ಕಪ್ಪಗೆ ಕಾಣುವುದಿಲ್ಲವೇ, ಹಾಗೆ. ಹೆಸರು ಏನಾದರೂ ಇರಲಿ, ಅರ್ಧ ಗಂಟೆ ಕಾಯುವುದು ನ್ಯಾಯ. ಅವತ್ತು ನಾನು ಏನೂ ಕೊಳ್ಳದೆ ಬಂದೆ. ಮುಂದಿನ ವಾರ ಬೇರೆ ಕಂಪನಿಯ ಮೂರು ಸಣ್ಣ ಸ್ಯಾಂಪಲ್ ಸಿಕ್ಕವು.

ಅಂಡರ್‌ಟೋನ್ ಎಂಬುದೊಂದಿದೆ. ಚರ್ಮ ಎಷ್ಟು ಕಪ್ಪು, ಎಷ್ಟು ಬಿಳುಪು ಎಂಬುದಕ್ಕಿಂತ ಬೇರೆ ಪ್ರಶ್ನೆ ಅದು: ಒಳಗಿನಿಂದ ಹಳದಿ ಕಡೆಗೋ, ಕೆಂಪು ಕಡೆಗೋ, ಎರಡರ ನಡುವೆಯೋ? ಮಣಿಕಟ್ಟಿನ ನರ ಹಸಿರಾಗಿ ಕಂಡರೆ ಹಳದಿ, ನೀಲಿಯಾಗಿ ಕಂಡರೆ ಗುಲಾಬಿ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಎಡಗೈಯಲ್ಲಿ ಹಸಿರು, ಬಲಗೈಯಲ್ಲಿ ನೀಲಿ ಕಂಡಿತು. ಮಗಳು ಬಂದು ನೋಡಿ ಎರಡೂ ಒಂದೇ ಎಂದಳು. ಈ ಪರೀಕ್ಷೆಯ ಮೇಲೆ ನನಗೆ ವಿಶ್ವಾಸವಿಲ್ಲ. ಉಪಯೋಗಕ್ಕೆ ಬಂದದ್ದು ಬಿಳಿ ಕಾಗದ. ಪರೀಕ್ಷೆಯ ಉತ್ತರ ಪತ್ರಿಕೆಯ ಖಾಲಿ ಹಾಳೆಯನ್ನು ಕುತ್ತಿಗೆಗೆ ತಾಗಿಸಿಕೊಂಡು ಬಾಗಿಲ ಬೆಳಕಿನಲ್ಲಿ ನೋಡಿದಾಗ ನನ್ನ ಚರ್ಮ ಹಳದಿಗೆ ಚೂರು ಹಸಿರು ಬೆರೆತಂತೆ ಕಂಡಿತು. ಆಲಿವ್ ಎನ್ನುತ್ತಾರಂತೆ. ಗುಲಾಬಿ ಛಾಯೆಯ ಫೌಂಡೇಶನ್ ಇಂಥ ಚರ್ಮದ ಮೇಲೆ ಬೂದಿಯಾಗುವುದು ಸಹಜವೇ. ಶೇಡುಗಳಲ್ಲಿ ಈ ಭೇದ ಸಿಗತೊಡಗಿದ್ದೂ ತೀರಾ ಹಿಂದೆ ಅಲ್ಲ. ಗಾಯಕಿ ರಿಹಾನಾ 2017ರಲ್ಲಿ ತನ್ನ ಫೆಂಟಿ ಬ್ಯೂಟಿಯನ್ನು ನಲವತ್ತು ಶೇಡುಗಳೊಂದಿಗೆ ಆರಂಭಿಸಿದಾಗ ಅದು ದೊಡ್ಡ ಸುದ್ದಿಯಾಯಿತು. ಸುದ್ದಿಯಾಯಿತು ಎಂಬುದರಲ್ಲೇ ಅಲ್ಲಿಯವರೆಗಿನ ಸ್ಥಿತಿ ಗೊತ್ತಾಗುತ್ತದೆ.

ಹೊಂದಿದ ಶೇಡು ಕೈಗೆ ಬಂತು, ಇನ್ನೇನು ಎಂದುಕೊಂಡೆ. ಇನ್ನೂ ಇತ್ತು.

ಮೊದಲ ದಿನ ಸೀಸೆಯ ಪಂಪ್ ಎರಡು ಸಲ ಒತ್ತಿ, ಅಂಗೈಗೆ ಹಾಕಿಕೊಂಡು, ಮುಖಕ್ಕೆ ತಂಪು ಕ್ರೀಮ್ ತಿಕ್ಕುವಂತೆ ತಿಕ್ಕಿದೆ. ಕೆಳಗಿದ್ದ ಸನ್‌ಸ್ಕ್ರೀನ್ ಉರುಟುರುಟಾಗಿ ಎದ್ದು ಬಂತು, ರೊಟ್ಟಿ ಹಿಟ್ಟು ನಾದಿದ ಕೈಯನ್ನು ಉಜ್ಜಿದರೆ ಉದುರುತ್ತದಲ್ಲ, ಥೇಟ್ ಹಾಗೆ. ಕಾರಣ ಸೀಸೆಯ ಹಿಂದೆಯೇ ಬರೆದಿತ್ತು. ನನ್ನ ಸನ್‌ಸ್ಕ್ರೀನ್ ಪೂರ್ತಿ ಡೈಮೆಥಿಕೋನ್, ಅಂದರೆ ಸಿಲಿಕೋನ್. ಫೌಂಡೇಶನ್ ನೀರಿನ ತಳಹದಿಯದು. ಸನ್‌ಸ್ಕ್ರೀನ್ ಆರುವ ಮೊದಲೇ ಒಂದರ ಮೇಲೊಂದನ್ನು ತಿಕ್ಕಿದರೆ ಎರಡೂ ಹಟ ಹಿಡಿದು ಬೇರೆಬೇರೆಯಾಗುತ್ತವೆ. ಎರಡನೆಯ ದಿನ ಕಾದು ಹಚ್ಚಿದೆ. ಚೆನ್ನಾಗಿ ಕೂತಿತು, ಆದರೆ ಎಣ್ಣೆಮುಖ ಹೊಳೆಯುತ್ತದೆಂದು ಮೇಲಿನಿಂದ ಪೌಡರ್ ಬಳಿದೆ. ಎರಡನೆಯ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿನ ಕನ್ನಡಿಯಲ್ಲಿ ನೋಡಿಕೊಂಡಾಗ ಮೂಗಿನಿಂದ ತುಟಿಯಂಚಿಗೆ ಇಳಿಯುವ ಎರಡು ಗೆರೆಗಳಲ್ಲಿ ಬಣ್ಣ ಬಿರಿದು, ಬೇಸಿಗೆಯ ಕೆರೆಯ ತಳದಂತಾಗಿತ್ತು. ಅವತ್ತು ನಾನು ಮಕ್ಕಳಿಗೆ ನಗುನಗುತ್ತ ಪಾಠ ಮಾಡಿದ್ದೆ ಎಂಬುದೇ ಅಪರಾಧ. ಮೂರನೆಯ ದಿನದ ಕತೆ ಹೇಳುವುದಿಲ್ಲ.

ಶಿವರಾತ್ರಿಗೆ ಊರಿಗೆ ಹೋದೆ. ಹೋದ ಮೇಲೂ ಅಭ್ಯಾಸ ಬಿಡಲಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ಕನ್ನಡಿ ಇಟ್ಟುಕೊಂಡು ಕೂತಿದ್ದಾಗ ದೊಡ್ಡಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತ ಬಂದು ಎದುರಿಗೆ ಕೂತರು. ದೊಡ್ಡಪ್ಪ ಬಡಗುತಿಟ್ಟಿನ ಯಕ್ಷಗಾನ ಮೇಳದಲ್ಲಿ ಇಪ್ಪತ್ತೆಂಟು ವರ್ಷ ತಿರುಗಾಟ ಮಾಡಿದವರು, ಅದೂ ಸ್ತ್ರೀವೇಷದಲ್ಲಿ. ದ್ರೌಪದಿ, ದಮಯಂತಿ, ಸುಭದ್ರೆ. ಈಗ ಎಪ್ಪತ್ನಾಲ್ಕು, ಮಂಡಿನೋವು. ಸ್ವಲ್ಪ ಹೊತ್ತು ನೋಡಿ, "ಎಂಥ ಮಾರಾಯ್ತಿ, ರಾತ್ರಿ ಎಲ್ಲಿ ಆಟ?" ಎಂದರು.

ನಾಚಿಕೆಯಾಯಿತು. ಬಂಗಿನ ವಿಷಯ ಹೇಳಿದೆ, ಆಲ್ಬಮ್ಮಿನ ವಿಷಯ ಹೇಳಿದೆ. ಅವರು ನಗಲಿಲ್ಲ. ಮುಖಕ್ಕೆ ಬಣ್ಣ ಹಚ್ಚುವ ಮಾತು ಅವರಿಗೆ ಯಾವಾಗಲೂ ಗಂಭೀರ ವಿಷಯವೇ. ಸೀಸೆಯನ್ನು ಕೈಗೆ ತೆಗೆದುಕೊಂಡು, "ಇದರಲ್ಲಿ ಎಂಥದ್ದೆಲ್ಲ ಹಾಕುತ್ತಾರೆ?" ಎಂದು ಕೇಳಿದರು. ನಾನು ಕಣ್ಣು ಕಿರಿದು ಮಾಡಿ ಹಿಂಬದಿಯ ಸಣ್ಣಕ್ಷರ ಓದಿದೆ. ಕೊನೆಯಲ್ಲಿ ಬಣ್ಣಗಳ ಗುರುತಿನ ನಾಲ್ಕು ಸಂಖ್ಯೆಗಳಿದ್ದವು: ಸಿಐ 77891, 77492, 77491, 77499. ಮೊದಲನೆಯದು ಟೈಟಾನಿಯಂ ಡೈಆಕ್ಸೈಡ್, ಅದು ಬಿಳಿ. ಉಳಿದ ಮೂರೂ ಐರನ್ ಆಕ್ಸೈಡ್, ಕ್ರಮವಾಗಿ ಹಳದಿ, ಕೆಂಪು, ಕಪ್ಪು. ದೊಡ್ಡಪ್ಪ ಬೆರಳು ಮಡಿಚುತ್ತ ಕೇಳಿಸಿಕೊಂಡು, "ಸಫೇತ, ಅರದಾಳ, ಇಂಗಲೀಕ, ಕಾಡಿಗೆ. ನಮ್ಮ ಪೆಟ್ಟಿಗೆಯೇ ಅಲ್ಲವಾ ಇದು!" ಎಂದರು.

ಇಪ್ಪತ್ತು ವರ್ಷದಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ, ಚಿಕ್ಕವಳಿದ್ದಾಗ ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತಿದ್ದೇನೆ, ಇವೆರಡನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಚಾಪೆಯ ಮೇಲೆ ಕಾಲು ಮಡಚಿ ಕೂತು, ಎಡ ಅಂಗೈಯಲ್ಲಿ ಸಫೇತದ ಬಿಳಿಪುಡಿಗೆ ಅರದಾಳದ ಹಳದಿ, ಚಿಟಿಕೆ ಇಂಗಲೀಕದ ಕೆಂಪು ಸೇರಿಸಿ, ತೆಂಗಿನೆಣ್ಣೆ ಬಿಟ್ಟು ಬಲಗೈ ಬೆರಳಿನಿಂದ ಅರೆಯುತ್ತಿದ್ದ ದೊಡ್ಡಪ್ಪನ ಚಿತ್ರ ಕಣ್ಣ ಮುಂದೆ ಬಂತು. ಆ ಕೈಯಲ್ಲಿ ತಯಾರಾಗುತ್ತಿದ್ದದ್ದು ಮೈಬಣ್ಣ, ಅವರದೇ ಶೇಡು. ಅರದಾಳ ಆರ್ಸೆನಿಕ್‌ನ ಸಂಯುಕ್ತ, ಇಂಗಲೀಕ ಪಾದರಸದ್ದು. ಇವತ್ತು ಯಾರೂ ಅವನ್ನು ಮುಖಕ್ಕೆ ತಾಗಿಸಬಾರದು, ಬದಲಿ ಬಣ್ಣಗಳು ಬೇಕಾದಷ್ಟಿವೆ. ಮುಂದೆ ಪ್ಯಾನ್‌ಕೇಕ್ ಎಂಬ ಸಿದ್ಧ ಬಣ್ಣದ ಬಿಲ್ಲೆ ಬಂದ ಮೇಲೆ ಅರೆಯುವ ಕಷ್ಟವೂ ತಪ್ಪಿತು ಎಂದರು ದೊಡ್ಡಪ್ಪ. ಆ ಪ್ಯಾನ್‌ಕೇಕ್ ಹುಟ್ಟಿದ್ದು 1930ರ ದಶಕದ ಕೊನೆಯಲ್ಲಿ ಹಾಲಿವುಡ್ಡಿನಲ್ಲಿ. ಟೆಕ್ನಿಕಲರ್ ಎಂಬ ಬಣ್ಣದ ಚಿತ್ರಗಳ ಉರಿಬೆಳಕಿಗೆ ಹೊಂದಲೆಂದು ಮ್ಯಾಕ್ಸ್ ಫ್ಯಾಕ್ಟರ್ ಎಂಬ ಮೇಕಪ್ ಕಂಪನಿ ತಯಾರಿಸಿದ್ದು. ನಟಿಯರು ಅದನ್ನು ಮನೆಗೊಯ್ದು ಹಗಲಲ್ಲೂ ಬಳಸತೊಡಗಿದ ಮೇಲೆ ಅದು ಅಂಗಡಿಗೆ ಬಂತಂತೆ. ಬೆಳಕಿಗಾಗಿ ಮಾಡಿದ್ದನ್ನು ಹಗಲಿಗೆ ಹಚ್ಚುವ ತಾಪತ್ರಯ ಅಂದಿನಿಂದಲೇ ಇದ್ದಿರಬೇಕು.

"ನಾವು ಹಚ್ಚುತ್ತಿದ್ದದ್ದು ಗ್ಯಾಸ್‌ಲೈಟಿಗೆ. ಇಪ್ಪತ್ತು ಮಾರು ದೂರ ಕೂತವನಿಗೆ ಕಾಣಬೇಕು" ಎಂದರು ದೊಡ್ಡಪ್ಪ. "ನಿನ್ನದು ಎರಡು ಮೊಳ ದೂರದಿಂದ ನೋಡುವ ಮುಖ. ಇಷ್ಟು ಯಾಕೆ ಬೇಕು?" ಮತ್ತೆ, "ಹಣೆಗೆ ಯಾಕೆ ಹಚ್ಚಿದೆ? ಹಣೆಯಲ್ಲಿ ಎಂಥ ಉಂಟು?" ಎಂದು ಕೇಳಿದರು. ಹಣೆಯಲ್ಲಿ ಏನೂ ಇರಲಿಲ್ಲ. ಎಲ್ಲರೂ ಹಚ್ಚುತ್ತಾರೆಂದು ಹಚ್ಚಿದ್ದೆ.

ನನ್ನನ್ನು ಮುಖ ತೊಳೆದು ಬರಲು ಹೇಳಿದರು. ಬಂದ ಮೇಲೆ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ ಕೆನ್ನೆ ನೋಡಿದರು. ಗಡ್ಡ ಬೋಳಿಸಿದ ಮೇಲೆ ಚರ್ಮದಡಿ ಉಳಿಯುವ ನೀಲಿ ನೆರಳು ಮುಚ್ಚಲು ಮೈಬಣ್ಣ ಎಷ್ಟು ದಪ್ಪ ಹಾಕಿದರೂ ಆಗುತ್ತಿರಲಿಲ್ಲವಂತೆ. ಬೂದಿಬಣ್ಣವೇ ಕಾಣುತ್ತಿತ್ತಂತೆ. ಅದಕ್ಕೆ ದೊಡ್ಡಪ್ಪ ಆ ಜಾಗದಲ್ಲಿ ಮಾತ್ರ ಮೊದಲು ತೆಳ್ಳಗೆ ಕೆಂಪು ತಾಗಿಸಿ ಅದರ ಮೇಲೆ ಮೈಬಣ್ಣ ಹಚ್ಚುತ್ತಿದ್ದರು. "ನಿನಗೂ ಅಲ್ಲಿ ಕೆಂಪೋ ಕಿತ್ತಳೆಯೋ ಚೂರು ಬೇಕು. ಬಿಳಿ ಹಾಕಿ ಹಾಕಿ ಬೂದಿ ಮಾಡಿಕೊಂಡಿದ್ದೀ." ಕಿತ್ತಳೆ ಬಣ್ಣದ ಕರೆಕ್ಟರ್ ಎಂದು ಅಂಗಡಿಯಲ್ಲಿ ಮಾರುವುದು ಇದನ್ನೇ. ನೀಲಿಗೂ ಕಿತ್ತಳೆಗೂ ಎದುರುಬದುರು, ಒಂದನ್ನೊಂದು ಹೊಡೆದುಹಾಕುತ್ತವೆ. ಕಂದು ಮೈಯವರ ಬಂಗಿನಲ್ಲಿ, ಕಣ್ಣ ಕೆಳಗಿನ ಕಪ್ಪಿನಲ್ಲಿ ಬೂದುನೀಲಿ ಸೇರಿಕೊಂಡಿರುವುದರಿಂದ ಕಲೆ ಮುಚ್ಚುವ ತಿಳಿಬಣ್ಣದ ಕನ್ಸೀಲರ್ ಹಾಕಿದಷ್ಟೂ ಅದು ಬೂದಿಯಾಗುತ್ತದೆ.

ಇನ್ನೊಂದು ಕಲಿಸಿದ್ದು ಕೈ. ದೊಡ್ಡಪ್ಪ ನನ್ನ ಸೀಸೆಯಿಂದ ಹೆಸರುಕಾಳಿನಷ್ಟು ತೆಗೆದು ತಮ್ಮ ಉಂಗುರ ಬೆರಳಿಗೆ ಹಚ್ಚಿಕೊಂಡು, ಹೆಬ್ಬೆರಳಿನಿಂದ ಎರಡು ಸಲ ಮಿದಿದು ಬೆಚ್ಚಗೆ ಮಾಡಿ, ನನ್ನ ಎಡಗೆನ್ನೆಯ ಮೇಲೆ ಇಟ್ಟರು. ಇಟ್ಟು ಎತ್ತಿದರು. ಮತ್ತೆ ಇಟ್ಟು ಎತ್ತಿದರು. ಎಳೆಯಲಿಲ್ಲ, ಒರೆಸಲಿಲ್ಲ. ಎಳೆಗರುವಿನ ಮೂಗು ತಾಗಿದ ಹಾಗಿತ್ತು ಆ ಸ್ಪರ್ಶ. ನಡುವಿನಿಂದ ಅಂಚಿಗೆ ಹೋದಂತೆ ಬೆರಳಿನಲ್ಲಿ ಬಣ್ಣ ಮುಗಿಯುತ್ತ ಬಂದು, ಕಿವಿಯ ಹತ್ತಿರ ಬರುವಾಗ ಬರಿ ಬೆರಳು ತಾಗುತ್ತಿತ್ತು. ಒಂದು ನಿಮಿಷವೂ ಆಗಿರಲಿಲ್ಲ. ಕನ್ನಡಿ ನೋಡಿದೆ. ಎಡಗೆನ್ನೆಯ ಬಂಗು ಪೂರ್ತಿ ಹೋಗಿರಲಿಲ್ಲ, ಹತ್ತರಲ್ಲಿ ಎರಡು ಪಾಲು ಉಳಿದಿತ್ತು. ಆದರೆ ಅದು ಕೆನ್ನೆಯಾಗಿ ಕಾಣುತ್ತಿತ್ತು. ರೋಮರಂಧ್ರ ಕಾಣುತ್ತಿತ್ತು, ಮೂಗಿನ ಪಕ್ಕದ ಎಳ್ಳುಮಚ್ಚೆ ಕಾಣುತ್ತಿತ್ತು. "ಇನ್ನು ಸ್ವಲ್ಪ ಹಾಕಿ" ಎಂದೆ. "ಬೇಡ" ಎಂದು ಕೈ ಒರೆಸಿಕೊಂಡು ಎದ್ದರು. ಬಲಗೆನ್ನೆ ನಾನೇ ಮಾಡಿಕೊಂಡೆ, ನಾಲ್ಕು ಸಲ ತೊಳೆದು.

ಆ ಎರಡು ಪಾಲನ್ನು ಉಳಿಸುವುದು ಎಷ್ಟು ಕಷ್ಟ ಎಂದು ಮೈಸೂರಿಗೆ ಮರಳಿದ ಮೇಲೆ ಗೊತ್ತಾಯಿತು. ಕೈ ತಾನಾಗಿ ಸೀಸೆಯ ಕಡೆ ಹೋಗುತ್ತದೆ. ಮುಕ್ಕಾಲು ಮುಚ್ಚಿದೆಯಲ್ಲ, ಇನ್ನಷ್ಟು ಮುಚ್ಚೋಣ ಎನಿಸುತ್ತದೆ. ಆ ಇನ್ನಷ್ಟರಲ್ಲೇ ಚರ್ಮ ಕಾಣೆಯಾಗಿ ಬಣ್ಣ ಕಾಣಲು ಶುರುವಾಗುವುದು. ಕನ್ನಡಿಗೆ ಮೂಗು ತಾಗಿಸಿ ನೋಡಿದರೆ ಯಾವ ಮುಖವೂ ಸಾಲುವುದಿಲ್ಲ. ಹಾಗಾಗಿ ನೆಲದ ಮೇಲೆ ಒಂದು ಟೈಲ್ಸ್ ಗುರುತು ಮಾಡಿಕೊಂಡೆ. ಅಲ್ಲಿ ನಿಂತಾಗ ಕಾಣಿಸದ್ದು ಯಾರಿಗೂ ಕಾಣಿಸುವುದಿಲ್ಲ ಎಂದು ನನಗೆ ನಾನೇ ಕಾನೂನು ಮಾಡಿದೆ.

ಏಪ್ರಿಲ್ ಹೊತ್ತಿಗೆ ಬೆಳಗಿನ ಕ್ರಮವೊಂದು ಕುದುರಿತು. ಏಳುತ್ತಲೇ ಮುಖ ತೊಳೆದು, ಒದ್ದೆ ಆರುವ ಮೊದಲೇ ತೆಳುವಾದ ಮಾಯಿಶ್ಚರೈಸರ್. ಇಡ್ಲಿ ಹಬೆಗಿಟ್ಟು ಸನ್‌ಸ್ಕ್ರೀನ್. ಎರಡು ಬೆರಳುದ್ದ ಹಾಕಬೇಕೆಂಬ ವೈದ್ಯರ ಮಾತನ್ನು ಈ ವಿಷಯದಲ್ಲಿ ಮಾತ್ರ ನಾನು ಜಿಪುಣತನವಿಲ್ಲದೆ ಪಾಲಿಸುತ್ತೇನೆ, ಕುತ್ತಿಗೆಗೂ ಸೇರಿಸಿ. ಫೌಂಡೇಶನ್ ಸೀಸೆಯ ಮೇಲೂ ಎಸ್‌ಪಿಎಫ್ ಎಂದು ಬಿಸಿಲು ತಡೆಯುವ ಅಳತೆ ಬರೆದಿರುತ್ತದೆ ನಿಜ. ಆದರೆ ಹೆಸರುಕಾಳಿನಷ್ಟು ಹಚ್ಚಿದರೆ ಅದು ಯಾವ ಬಿಸಿಲನ್ನು ತಡೆದೀತು? ಇಡ್ಲಿ ಬೇಯುವ ಹತ್ತು ಹನ್ನೆರಡು ನಿಮಿಷ ಮುಖವನ್ನು ಮುಟ್ಟುವುದಿಲ್ಲ. ಚಟ್ನಿಗೆ ಒಗ್ಗರಣೆ ಹಾಕಿ ಬಂದು ಬೆರಳಿನ ಹಿಂಭಾಗದಿಂದ ಕೆನ್ನೆ ಮುಟ್ಟಿ ನೋಡಿದಾಗ ಅಂಟದಿದ್ದರೆ ಮುಂದಿನ ಕೆಲಸ.

ಕಿತ್ತಳೆ ಕರೆಕ್ಟರ್ ಬಂಗಿನ ಗಾಢವಾದ ಜಾಗಕ್ಕೆ ಮಾತ್ರ, ಅದೂ ಪಾರದರ್ಶಕವೆನ್ನುವಷ್ಟು. ಫೌಂಡೇಶನ್ ಅರ್ಧ ಪಂಪ್, ಕೈಯ ಹಿಂಭಾಗದ ಮೇಲೆ. ಮೂಗಿನ ಎರಡು ಪಕ್ಕ, ಬಾಯಿಯ ಸುತ್ತ, ಕೆನ್ನೆ. ಇಷ್ಟೇ. ಹಣೆ, ಕಿವಿಯ ಪಕ್ಕ, ದವಡೆ ಹಾಗೇ ಬಿಡುತ್ತೇನೆ. ಬೆರಳಿನಿಂದ ಒತ್ತಿ ಕೂರಿಸಿದ ಮೇಲೆ ಸ್ಪಂಜು. ಇದನ್ನು ನೀರಿನಲ್ಲಿ ಮುಳುಗಿಸಿ ಉಬ್ಬಿಸಿ, ಹಿಂಡಿ, ಮತ್ತೆ ಟವೆಲಿನೊಳಗೆ ಸುತ್ತಿ ಹಿಂಡಬೇಕು. ಮುಟ್ಟಿದರೆ ತಂಪೆನಿಸಬೇಕು, ಒದ್ದೆಯೆನಿಸಬಾರದು. ನೀರು ಉಳಿದರೆ ಅದು ಹಚ್ಚಿದ್ದನ್ನೆಲ್ಲ ಎತ್ತಿಕೊಂಡು ಹೋಗುತ್ತದೆ, ಒಣಗಿದ್ದರೆ ತಾನೇ ಕುಡಿದುಬಿಡುತ್ತದೆ. ಆ ಸ್ಪಂಜನ್ನು ಒಂದು ವಾರ ತೊಳೆಯದೆ ಬಳಸಿ ಗದ್ದದ ಮೇಲೆ ಎರಡು ಮೊಡವೆ ಎಬ್ಬಿಸಿಕೊಂಡದ್ದೂ ಉಂಟು. ಈಗ ಪಾತ್ರೆ ತೊಳೆಯುವಾಗಲೇ ಅದನ್ನೂ ತೊಳೆದು ಕಿಟಕಿಯಲ್ಲಿ ಒಣಗಿಸುತ್ತೇನೆ. ಇವರು ಒಂದು ಸಲ ಅದನ್ನು ಪಾತ್ರೆಯ ಸ್ಪಂಜೆಂದು ಲೋಟಕ್ಕೆ ಉಜ್ಜಿದರು.

ಪೌಡರ್ ಹಣೆಯ ನಡು, ಮೂಗಿನ ಪಕ್ಕ, ಗದ್ದದ ತುದಿಗೆ ಮಾತ್ರ. ಪಫ್ಫನ್ನು ಮಡಚಿ ಅಂಚಿನಿಂದ ಒತ್ತುತ್ತೇನೆ. ಅದಕ್ಕೂ ಮೊದಲು ಟಿಶ್ಯೂ ಕಾಗದದ ಒಂದು ಪದರವನ್ನು ಮುಖದ ಮೇಲಿಟ್ಟು ಅಂಗೈಯಿಂದ ಒತ್ತಿ ತೆಗೆದರೆ ಹೆಚ್ಚಿನ ಎಣ್ಣೆ ಕಾಗದಕ್ಕೆ ಬರುತ್ತದೆ, ಅರ್ಧ ಪೌಡರ್ ಉಳಿಯುತ್ತದೆ. ಆಲ್ಬಮ್ಮಿನ ಬೂದಿಗೆ ಪೌಡರಿನದೂ ಪಾಲಿತ್ತು ಎಂದು ಆಮೇಲೆ ತಿಳಿಯಿತು. ಸಿಲಿಕಾ ಹೆಚ್ಚಿರುವ ಬಿಳಿ ಪೌಡರ್, ಟೈಟಾನಿಯಂ ಡೈಆಕ್ಸೈಡ್ ಹೆಚ್ಚಿರುವ ಸನ್‌ಸ್ಕ್ರೀನ್ ಎರಡೂ ಫ್ಲಾಶಿನ ಬೆಳಕನ್ನು ಕ್ಯಾಮೆರಾಕ್ಕೇ ವಾಪಸು ಎಸೆಯುತ್ತವೆ. ಕಣ್ಣಿಗೆ ಕಾಣದ್ದು ಫೋಟೋದಲ್ಲಿ ಮುಖವಾಡವಾಗುತ್ತದೆ. ಹಾಗಾಗಿ ಹಚ್ಚಿದ ಮೇಲೆ ಕತ್ತಲೆ ಕೋಣೆಗೆ ಹೋಗಿ ಮಗಳಿಂದ ಫ್ಲಾಶ್ ಹಾಕಿ ಒಂದು ಫೋಟೋ ತೆಗೆಸಿಕೊಳ್ಳುವುದು ರೂಢಿಯಾಯಿತು. "ಅಮ್ಮಾ, ಇವತ್ತು ಪಾಸ್" ಎಂದೋ "ಸಪ್ಲಿಮೆಂಟರಿ" ಎಂದೋ ಅವಳು ಫಲಿತಾಂಶ ಹೇಳುತ್ತಿದ್ದಳು.

ಮೈಸೂರಿನಲ್ಲಿ ಎಲ್ಲ ಪಾಸು. ಮೇ ಎರಡನೆಯ ವಾರ ಕುಂದಾಪುರದಲ್ಲಿ ಬಸ್ಸಿಳಿದ ಹತ್ತು ನಿಮಿಷಕ್ಕೆ ನನ್ನ ಮೂರು ತಿಂಗಳ ವಿದ್ಯೆ ಬೆವರಿನ ಜೊತೆ ಹರಿದುಹೋಯಿತು. ಆ ಸೆಕೆಯನ್ನು ನಾನು ಮರೆತೇಬಿಟ್ಟಿದ್ದೆ. ಮುಖ ತೊಳೆದರೆ ಒರೆಸುವಷ್ಟರಲ್ಲಿ ಮತ್ತೆ ಒದ್ದೆ. ಸನ್‌ಸ್ಕ್ರೀನ್ ಆರುವುದೇ ಇಲ್ಲ. ಮದುವೆಯ ಹಿಂದಿನ ದಿನ ಅಭ್ಯಾಸಕ್ಕೆ ಹಚ್ಚಿದ ಫೌಂಡೇಶನ್ ಮೂಗಿನ ಮೇಲೆ ತೇಪೆತೇಪೆಯಾಗಿ ಕೂತಿತು. ರಾತ್ರಿ ದೊಡ್ಡಪ್ಪನ ಬಳಿ ಅಳುಮೋರೆ ಹಾಕಿದೆ. ಚೌಕಿಯಲ್ಲಿ ಏನು ಮಾಡುತ್ತಿದ್ದಿರಿ ಎಂದರೆ, "ಎಂಥ ಮಾಡುವುದು, ಬೆಳಗಿನ ಜಾವದವರೆಗೂ ಕುಣಿದವರು ನಾವು, ಬೆವರದೇ ಇರುತ್ತೇವಾ? ಸುಮ್ಮನೆ ಒತ್ತಿಕೊಳ್ಳುತ್ತಿದ್ದೆವು, ಒರೆಸುತ್ತಿರಲಿಲ್ಲ" ಎಂದರು. ಒಂದು ಸೂಚನೆ ಮಾತ್ರ ಕೊಟ್ಟರು: ಬೆವರು ಬಿಟ್ಟು ಆರಿದ ಮೇಲೆ ಹಚ್ಚು, ಅದಕ್ಕೂ ಮೊದಲು ಬೇಡ.

ಬೆಳಿಗ್ಗೆ ಸಭಾಭವನದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಸೀರೆಯುಟ್ಟು, ತಲೆ ಬಾಚಿ, ಮೊಲ್ಲೆ ಮುಡಿದು, ಆ ಎಲ್ಲ ಗಡಿಬಿಡಿಯ ಬೆವರು ಇಳಿಯುವವರೆಗೆ ಹತ್ತು ನಿಮಿಷ ಸುಮ್ಮನೆ ಕೂತೆ. ಮಾಯಿಶ್ಚರೈಸರ್ ಬಿಟ್ಟೇಬಿಟ್ಟೆ. ಅಲ್ಲಿಯ ಗಾಳಿಯೇ ಸಾಕಷ್ಟು ಒದ್ದೆ. ಬಣ್ಣದ ಸನ್‌ಸ್ಕ್ರೀನ್, ಕಿತ್ತಳೆಯ ಎರಡು ಚುಕ್ಕೆ, ಕೆನ್ನೆಗೆ ಮಾತ್ರ ಫೌಂಡೇಶನ್. ಮೂಗಿಗೆ ಹಾಕಲೇ ಇಲ್ಲ. ಹಾಕಿದರೆ ತಾನೇ ಕರಗುವುದು. ಕರೆಂಟು ಒಂದು ಸಲ ಹೋಗಿ ಬಂತು. ಪಕ್ಕದಲ್ಲಿ ಮದುಮಗಳನ್ನು ಸಿಂಗರಿಸುತ್ತಿದ್ದ ಹೆಂಗಸು ನನ್ನತ್ತ ನೋಡಿ, "ಅಕ್ಕಾ, ಬೇಸ್ ಹಾಕಿಕೊಡಲಾ?" ಎಂದು ಮರುಕದಿಂದ ಕೇಳಿದಳು. ಬೇಡ ಎಂದೆ. ಸಲೀಸಾಗಿ ಬಾಯಿಗೆ ಬಂತು ಆ ಪದ.

ಧಾರೆಯ ಹೊತ್ತಿಗೆ ಹೋಮದ ಹೊಗೆ, ಮಂಟಪದ ಸುತ್ತ ಇನ್ನೂರು ಜನ, ವೀಡಿಯೋದವನ ದೀಪ. ಸೆರಗಿಗೆ ಸಿಕ್ಕಿಸಿಕೊಂಡಿದ್ದ ಟಿಶ್ಯೂ ಮೂರು ಖಾಲಿಯಾದವು. ಒತ್ತಿದೆ, ಒರೆಸಲಿಲ್ಲ. ಅತ್ತೆಯೊಬ್ಬರು ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಾಗಿ, "ಬಂಗು ಕಡಿಮೆಯಾಗಿದೆ ನಿಂದು, ಯಾವ ಡಾಕ್ಟರು?" ಎಂದು ಕೇಳಿದರು. ಇನ್ನೊಬ್ಬರು, "ತಮ್ಮನ ಮದುವೆ, ನೀನು ಸ್ವಲ್ಪ ಬೆಳ್ಳಗೆ ಮಾಡಿಕೊಳ್ಳಬಹುದಿತ್ತು" ಎಂದರು. ಮೊದಲಿನವರಿಗೆ ಡಾಕ್ಟರ ಹೆಸರು ಹೇಳಿದೆ. ಎರಡನೆಯವರ ಎಲೆಗೆ ಹೋಳಿಗೆ ಬಡಿಸುವವನನ್ನು ಕರೆದೆ. ದೊಡ್ಡಪ್ಪ ಎದುರು ಸಾಲಿನಲ್ಲಿದ್ದರು. ಒಮ್ಮೆ ನನ್ನ ಮುಖವನ್ನು ಎಡಕ್ಕೂ ಬಲಕ್ಕೂ ಅಳೆದು ನೋಡಿ, ಬಲಗೆನ್ನೆಯ ಕಡೆ ಬೆರಳು ತೋರಿಸಿ, ಹೆಬ್ಬೆರಳು ತೋರುಬೆರಳು ಸೇರಿಸಿ 'ಚೂರು ಜಾಸ್ತಿ' ಎಂದು ಸನ್ನೆ ಮಾಡಿದರು. ಆಮೇಲೆ ಸಾರು ಕಲಸಿಕೊಳ್ಳತೊಡಗಿದರು.

ರಾತ್ರಿ ಮನೆಯ ಹಿಂದೆ ಬಾವಿಕಟ್ಟೆಯ ಬಳಿ ಕೂತು ಬಣ್ಣ ತೆಗೆದೆ. ತರಬೇಕಾದ ಕ್ಲೆನ್ಸಿಂಗ್ ಎಣ್ಣೆ ಮೈಸೂರಿನಲ್ಲೇ ಉಳಿದಿತ್ತು. ಅಡುಗೆಮನೆಯ ತೆಂಗಿನೆಣ್ಣೆಯೇ ಗತಿ. ಮೊಡವೆ ಏಳುವ ಚರ್ಮದವರಿಗೆ ಅದು ಹೇಳಿದ್ದಲ್ಲ, ರಂಧ್ರ ಕಟ್ಟುತ್ತದೆ. ಒಂದು ರಾತ್ರಿಗೆ ಪರವಾಗಿಲ್ಲ ಎಂದು ಅಂಗೈಯಲ್ಲಿ ಬಿಸಿಮಾಡಿ ಕೆನ್ನೆಗೆ ತಿಕ್ಕಿದೆ, ಇಲ್ಲಿ ಮಾತ್ರ ತಿಕ್ಕಲು ಅಡ್ಡಿಯಿಲ್ಲ. ಒಳಗಿನಿಂದ ಕೈಗೆ ಸಿಕ್ಕಿದ ಬೈರಾಸಿನಲ್ಲಿ ಒರೆಸಿಕೊಂಡು, ಆಮೇಲೆ ಸೋಪು ಹಾಕಿ ತೊಳೆದೆ. ಕನ್ನಡಿ ಇರಲಿಲ್ಲ, ಬೇಕೂ ಇರಲಿಲ್ಲ.

ಅಮ್ಮ ಲೈಟು ಹಾಕಿ ಬಂದು ನೋಡಿದಳು. ಅದು ಬೀಗರು ಕೊಟ್ಟ ಹೊಸ ಬಿಳಿ ಬೈರಾಸು. ನಡುವೆ ಎರಡು ಕಡೆ, ಅಂಗೈಯಗಲ, ಕಂದು ಗುರುತು ಬಿದ್ದಿತ್ತು. ಉಳಿದದ್ದೆಲ್ಲ ಬೆಳ್ಳಗಿತ್ತು. "ಇಷ್ಟೇಯಾ ನೀನು ಹಚ್ಚಿದ್ದು?" ಎಂದು ಕೇಳಿ, ನಾನು ಉತ್ತರ ಹೇಳುವ ಮೊದಲೇ, "ಇಷ್ಟಕ್ಕೆ ಹೊಸ ಬೈರಾಸೇ ಬೇಕಿತ್ತಾ?" ಎಂದು ಬೈದಳು. ಐರನ್ ಆಕ್ಸೈಡ್ ಬಟ್ಟೆಗೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಮ್ಮನಿಗೆ ಹೇಳಲಿಲ್ಲ. ಬಾರ್ ಸೋಪು ಹಚ್ಚಿ ಬಕೆಟಿನಲ್ಲಿ ನೆನೆಸಿಟ್ಟು ಒಳಗೆ ಹೋದೆ.